ಬಲಗಡೆಯ ಕನ್ನಡಿ

ಮನೆಯಿಂದ ಕೆಲಸದ ಜಾಗಕ್ಕೆ ಹೋಗುವ ದಾರಿ ಹಲ್ಲಿನಕ್ಕನಿಗೆ ಅರ್ಧ ಮಾತ್ರ ಗೊತ್ತಿತ್ತು. ಅರ್ಧ ಎಂದರೆ ನಡುದಾರಿಯವರೆಗೆ ಎಂದಲ್ಲ. ಉದ್ದಕ್ಕೂ ಗೊತ್ತಿತ್ತು, ಆದರೆ ಎಡಗಡೆ ಮಾತ್ರ. ಮದುವೆಯಾದಂದಿನಿಂದ ಗಂಡನ ಸ್ಕೂಟರಿನ ಹಿಂದೆ, ಅವಳ ಕಾಲದ ಹೆಂಗಸರೆಲ್ಲ ಕೂರುತ್ತಿದ್ದಂತೆ, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಒಂದೇ ಮಗ್ಗುಲಾಗಿ ಕೂತು ಹೋದವಳು. ಬೀಗ ರಿಪೇರಿ ಅಂಗಡಿಯವನಿಗೆ ಕನ್ನಡಕ ಬಂದದ್ದು, ಔಷಧಿ ಅಂಗಡಿಯ ಬೋರ್ಡು ಹಸಿರಿನಿಂದ ನೀಲಿಯಾದದ್ದು, ಮೋಟುಗೋಡೆಯ ಮೇಲಿನ ಬೆಕ್ಕು ಮತ್ತೆ ಬಸುರಾದದ್ದು, ಎಲ್ಲ ಅವಳಿಗೆ ಗೊತ್ತು. ಬಲಗಡೆ ಸಮುದ್ರವಿದೆ ಅಂತ ಯಾರಾದರೂ ಹೇಳಿದ್ದರೂ ನಂಬುತ್ತಿದ್ದಳೋ ಏನೋ. ಮುಂದೆ ಏನಿದೆ ಎನ್ನುವುದಂತೂ ಅವಳ ಚಿಂತೆಯೇ ಆಗಿರಲಿಲ್ಲ. ಮುಂದೆ ಗಂಡನ ಬೆನ್ನಿತ್ತು.

ಹಲ್ಲಿನಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಕಟ್ಟುಹಲ್ಲು ತಯಾರಿಸುವ ಕಾರ್ಯಾಗಾರದಲ್ಲಿ ಅವಳಿಗೆ ಕೆಲಸ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸಿ, ಅದರಲ್ಲಿ ಒಂದೊಂದೇ ಹಲ್ಲನ್ನು ನೆಡಬೇಕು. ಕೂದಲೆಳೆಯಷ್ಟು ಓರೆಯಾದರೂ ಹಾಕಿಕೊಂಡವರ ಮುಖವೇ ಬೇರೆಯಾಗಿಬಿಡುತ್ತದೆ. ಅವಳು ನೆಟ್ಟ ಹಲ್ಲು ವಾಪಸು ಬಂದದ್ದು ತೀರಾ ಕಡಿಮೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಬಾಯಿಬಡುಕ, ಸಿಕ್ಕಿದವರಿಗೆಲ್ಲ ಹೆಂಡತಿಯ ಕೆಲಸದ ಬಗ್ಗೆ ಒಂದೇ ಜೋಕು ಹೇಳುತ್ತಿದ್ದ: "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಆ ಕಡಲೆ ಇರೋರನ್ನ ನಮ್ಮನೆಗೆ ಕಳಿಸಿ." ಹೇಳಿ ತಾನೇ ಮೊದಲು ನಗುತ್ತಿದ್ದ.

ಸ್ಕೂಟರಿಗೆ ಎರಡು ಕನ್ನಡಿ. ಬಲಗಡೆಯದು ಎಲ್ಲರಿಗೂ ಇರುವಂತೆ ಹಿಂದಿನ ರಸ್ತೆ ಕಾಣುವುದಕ್ಕೆ. ಎಡಗಡೆಯದನ್ನು ಅವನು ಹಿಂದೆ ಕೂತವಳ ಮುಖ ಕಾಣುವಂತೆ ತಿರುಗಿಸಿಕೊಂಡಿದ್ದ. "ಬಲಗನ್ನಡಿ ರಸ್ತೆಗೆ, ಎಡಗನ್ನಡಿ ಸಂಸಾರಕ್ಕೆ" ಎನ್ನುತ್ತಿದ್ದ. ಜಗಳವಾದ ದಿನ ಅವಳು ಬೇಕೆಂದೇ ಆ ಕನ್ನಡಿಯಿಂದ ಆಚೆ ಸರಿದು ಕೂರುವಳು. ಅವನು ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ, ಕನ್ನಡಿಯ ಅಂಚನ್ನು ಬೆರಳಿನಿಂದ ಇಷ್ಟಿಷ್ಟೇ ಒತ್ತುತ್ತ, ಹೆಂಡತಿಯ ಮುಖ ಸಿಗುವವರೆಗೂ ಹುಡುಕುವನು. ಸಿಕ್ಕ ಮೇಲೆ ಕಣ್ಣು ಮಿಟುಕಿಸುವನು. ವಯಸ್ಸು ಐವತ್ತು ದಾಟಿದ ಮೇಲೂ ಈ ಚೇಷ್ಟೆ ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನ ಕೈಯಿಂದ ಬ್ರಷ್ಷು ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಮೇಲೆ ಏಳಲಿಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು. ಮನೆಗೆ ಕರೆತಂದಾಗ ಬಲಗೈ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಮಾತೂ ಅವನ ಮಾತು ಕೇಳುತ್ತಿರಲಿಲ್ಲ. ಅಷ್ಟು ವರ್ಷ ಬಡಬಡಿಸಿದ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು, "ಆಯ್ತು". ಊಟ ಬೇಕಾ ಅಂದರೆ ಆಯ್ತು. ನೋವಾ ಅಂದರೆ ಆಯ್ತು. ನನ್ನ ಗುರುತು ಸಿಕ್ತಾ ಅಂತ ಅತ್ತುಕೊಂಡು ಕೇಳಿದರೂ ಆಯ್ತು. ಡಾಕ್ಟರು, ತಿಳಿವಳಿಕೆ ಎಲ್ಲ ಇದೆ, ಹೇಳೋಕೆ ಬರೋದಿಲ್ಲ ಅಷ್ಟೇ ಎಂದರು. ಆ "ಅಷ್ಟೇ" ಎನ್ನುವುದನ್ನು ಅವರು ಎಷ್ಟು ಸಲೀಸಾಗಿ ಅಂದರು!

ಮಕ್ಕಳಿರಲಿಲ್ಲ. ಗಂಡನ ತಂಗಿ ಬೇರೆ ಊರಿನಲ್ಲಿದ್ದವಳು ಓಡಿ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ, ಅಣ್ಣನನ್ನು ಮಗುಚಿ ಮಲಗಿಸಿದಳು, ಒರೆಸಿದಳು, ತೊಳೆದಳು, ಉಣಿಸಿದಳು. ಅವಳನ್ನು ಕೆಟ್ಟವಳು ಎನ್ನುವ ಬಾಯಿಗೆ ಹುಳ ಬೀಳಲಿ. ಆದರೆ ಅವಳಿಗೂ ಮನೆಯಿದೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಹೊರಡುವ ಮುಂಚೆ, ಇಂಥವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರವೊಂದನ್ನು ತನ್ನ ಊರಿನಲ್ಲಿ ವಿಚಾರಿಸಿಟ್ಟಿದ್ದಳು.

"ಅತ್ತಿಗೆ, ಹಠ ಮಾಡ್ಬೇಡಿ. ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರಿ. ಅಲ್ಲೀವರೆಗೆ ಅಣ್ಣ ಒಬ್ಬನೇ ಹೇಗಿರ್ತಾನೆ?"

"ಮಧ್ಯಾಹ್ನ ಊಟದ ಬಿಡುವಿಗೆ ಬಂದು ಹೋಗ್ತೀನಿ."

"ಯಾವುದ್ರಲ್ಲಿ ಬರ್ತೀರಿ? ಬಸ್ಸು ಊರೆಲ್ಲ ಸುತ್ತಿ ಬರೋಷ್ಟ್ರಲ್ಲಿ ನಿಮ್ಮ ಬಿಡುವು ಮುಗಿದಿರುತ್ತೆ."

"ಸೈಕಲ್ಲಲ್ಲಿ."

ನಾದಿನಿ ಅತ್ತಿಗೆಯ ಮುಖವನ್ನೇ ನೋಡಿದಳು. ಮಧ್ಯಾಹ್ನದ ಅಷ್ಟು ಹೊತ್ತಿಗೆ ಮಾತ್ರ ಬರುವ ಆಳು ಎಲ್ಲೂ ಸಿಕ್ಕಿರಲಿಲ್ಲ, ಇಡೀ ದಿನದವರನ್ನು ಇಟ್ಟುಕೊಳ್ಳುವ ತಾಕತ್ತು ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿದ್ದದ್ದೇ. ನಾದಿನಿ ಅಣ್ಣನ ಕಡೆ ತಿರುಗಿ, "ಅಣ್ಣಾ, ನಮ್ಮೂರಿಗೆ ಬಂದಿರ್ತೀಯಾ? ಅಲ್ಲಿ ಚೆನ್ನಾಗಿ ನೋಡ್ಕೋತಾರೆ" ಎಂದಳು. ಅವನು, "ಆಯ್ತು" ಎಂದ. ಹೇಳಿದ ಮರುಗಳಿಗೆ ಎಡಗೈಯಿಂದ ಹೆಂಡತಿಯ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಚರ್ಮಕ್ಕೆ ಒತ್ತಿತು.

ಕೊನೆಗೆ ಒಪ್ಪಂದವಾಯಿತು. "ಸರಿ ಅತ್ತಿಗೆ. ಆದ್ರೆ ಒಂದು ದಿನ, ಒಂದೇ ಒಂದು ದಿನ, ಅಣ್ಣ ನೆಲದ ಮೇಲೆ ಬಿದ್ದಿರೋದು ಕಂಡ್ರೆ, ನೀವೇ ನನಗೆ ಫೋನ್ ಮಾಡ್ಬೇಕು. ಆವತ್ತೇ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ವಾದ ಇಲ್ಲ." ಹಲ್ಲಿನಕ್ಕ ತಲೆಯಾಡಿಸಿದಳು. ಬೇರೆ ಏನು ತಾನೆ ಮಾಡಿಯಾಳು?

ಸೈಕಲ್ಲು ಕಾರ್ಯಾಗಾರದ್ದು. ಹಿಂದೆ ತಯಾರಾದ ಹಲ್ಲುಗಳನ್ನು ವೈದ್ಯರ ಬಳಿಗೆ ಒಯ್ಯಲು ಇಟ್ಟುಕೊಂಡಿದ್ದರು. ಈಗ ಆ ಕೆಲಸವನ್ನು ಕೊರಿಯರ್‌ನವರು ಮಾಡುತ್ತಿದ್ದುದರಿಂದ ಅದು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಕೇಳಿದ ಕೂಡಲೇ ಯಜಮಾನರು "ತಗೊಂಡು ಹೋಗಿ" ಅಂದರು. ಹಿಂದಿನ ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ, ಅದರ ಮೇಲೆ ಯಾರೋ ಪೇಂಟರು ಬರೆದ ದೊಡ್ಡದೊಂದು ಬಾಯಿ, ಬಾಯಿ ತುಂಬ ಬಿಳಿ ಹಲ್ಲು. ಅವಳು ಎಷ್ಟು ಅತ್ತುಕೊಂಡು ಹೋದರೂ ಹಿಂದಿನಿಂದ ನೋಡಿದವರಿಗೆ ಸೈಕಲ್ಲು ಹಲ್ಲು ಕಿರಿಯುತ್ತಿತ್ತು.

ಸೈಕಲ್ ಹೊಡೆಯುವುದನ್ನು ಅವಳು ಚಿಕ್ಕಂದಿನಲ್ಲಿ ಸೋದರಮಾವನ ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ಕಲಿತಿದ್ದಳು. ಕಲಿತದ್ದು ಶಾಲೆಯ ಬಯಲಿನಲ್ಲಿ. ಅಲ್ಲಿ ಎದುರಿಗೆ ಬರುತ್ತಿದ್ದದ್ದು ಹೆಚ್ಚೆಂದರೆ ಒಂದು ಮೇಕೆ. ಮನೆಯ ಬೀದಿಯಲ್ಲಿ ಎರಡು ಸಂಜೆ ಓಡಿಸಿ ನೋಡಿದಳು. ಕಾಲಿಗೆ ನೆನಪಿತ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಮರುದಿನ ಬೆಳಿಗ್ಗೆ ಗಂಡನಿಗೆ ಉಣಿಸಿ, ನೀರಿನ ಲೋಟ ಎಡಗೈಗೆ ಸಿಗುವಂತಿಟ್ಟು, ಬಾಗಿಲು ಮುಂದೆ ಮಾಡಿ, ಗೇಟಿಗೆ ಬೀಗ ಹಾಕಿ ಹೊರಟಳು.

ಬೀಗದಂಗಡಿ ಬಂತು, ಬೆಕ್ಕಿನ ಗೋಡೆ ಬಂತು. ಗುರುತಿನ ಮುಖಗಳನ್ನು ಕಂಡು ಧೈರ್ಯ ಬಂತು. ಆಮೇಲೆ ಬಂದದ್ದು ದೊಡ್ಡ ಸರ್ಕಲ್. ಅಲ್ಲಿ ಅವಳ ಅರ್ಧಜ್ಞಾನ ಕೈಕೊಟ್ಟಿತು. ಔಷಧಿ ಅಂಗಡಿ, ಸೋಫಾ ಅಂಗಡಿ, ಪೆಟ್ರೋಲ್ ಬಂಕು, ಆಮೇಲೆ ನಮ್ಮ ರಸ್ತೆ ಎಂದು ಅವಳಿಗೆ ಬಾಯಿಪಾಠ. ಇವು ಸಾಲಾಗಿ ಒಂದೇ ರಸ್ತೆಯಲ್ಲಿವೆ ಎಂದು ಅಷ್ಟು ವರ್ಷ ಅಂದುಕೊಂಡಿದ್ದಳು. ಒಂದೊಂದೂ ಸರ್ಕಲ್ಲಿನ ಒಂದೊಂದು ಮೂಲೆಯಲ್ಲಿತ್ತು! ಗಂಡ ಸ್ಕೂಟರನ್ನು ವಾಲಿಸಿಕೊಂಡು ಸರ್ಕಲ್ಲಿನ ಮುಕ್ಕಾಲು ಭಾಗ ಸುತ್ತಿ ಬಲಗಡೆಯ ರಸ್ತೆಗೆ ಬೀಳುತ್ತಿದ್ದ. ಹಿಂದೆ ಕೂತವಳ ಕಣ್ಣ ಮುಂದೆ ಅಂಗಡಿಗಳು ತಾವಾಗಿ ಸರಿದು ಹೋಗುತ್ತಿದ್ದವು.

ಸುತ್ತಬೇಕಾದರೆ ಬಲಕ್ಕೆ ಸರಿಯಬೇಕು. ಬಲಕ್ಕೆ ಸರಿಯಬೇಕಾದರೆ ಹಿಂದೆ ಏನು ಬರುತ್ತಿದೆ ಎಂದು ನೋಡಬೇಕು. ನೋಡಲೆಂದು ತಲೆ ತಿರುಗಿಸಿದಳು, ತಲೆಯ ಜೊತೆ ಹ್ಯಾಂಡಲ್ಲೂ ತಿರುಗಿತು. ಕಿರ್ರೆಂದು ಬ್ರೇಕು ಕೂಗಿತು. ಕಾರೊಂದರ ಬಿಸಿ ಉಸಿರು ಅವಳ ಮೊಣಕಾಲಿಗೆ ಬಡಿಯಿತು.

"ಏಯ್ ಅಜ್ಜಿ! ಸಾಯೋಕೆ ನನ್ನ ಗಾಡೀನೇ ಬೇಕಿತ್ತಾ?"

ಜೀವ ಬಾಯಿಗೆ ಬಂದಿದ್ದರೂ ಅಜ್ಜಿ ಎಂದದ್ದು ಚುಚ್ಚಿತು, ನೋಡಿ. ಎಡಕ್ಕೆ ಎಳೆದುಕೊಂಡಳು. ಎಡದಿಂದಲೂ ಒಂದು ಕಾರು ಮೂತಿ ತೂರಿಸಿತು. ಅವರು ತಳ್ಳಿದ ಕಡೆಗೆ ಹೋದಳು. ಹೋಗಿ ನೋಡಿದರೆ ಮೇಲ್ಸೇತುವೆಯ ಏರು. ಸೈಕಲ್ಲು ಹೋಗಬಾರದ ಜಾಗ. ಇಳಿದು, ಕಾಲುದಾರಿಯಿಲ್ಲದ ಆ ಏರಿನಲ್ಲಿ ತಡೆಗೋಡೆಗೆ ಮೈ ಒತ್ತಿಕೊಂಡು ತಳ್ಳಿದಳು. ಪಕ್ಕದಲ್ಲಿ ಹಾದು ಹೋದ ಒಂದೊಂದು ಕಾರೂ ಹಾರನ್ನಿನಲ್ಲಿ ಒಂದೊಂದು ಬೈಗುಳ ಎಸೆದು ಹೋಯಿತು. ಸೇತುವೆಯ ನೆತ್ತಿಯಲ್ಲಿ ನಿಂತು, ಇಷ್ಟು ಜನರಲ್ಲಿ ಒಬ್ಬರಿಗಾದರೂ ಮನೆಯಲ್ಲಿ ಮಲಗಿದವರು ಇಲ್ಲವೇ ಎಂದು ಜೋರಾಗಿಯೇ ಕೇಳಿದಳು. ಕಿಟಕಿಗಳೆಲ್ಲ ಮುಚ್ಚಿದ್ದವು.

ಅಂದು ತಡವಾಗಿ ಹೋಗಿ ಮೇಜಿಗೆ ಕೂತರೆ ಕೈ ನಿಲ್ಲಲೊಲ್ಲದು. ಹ್ಯಾಂಡಲ್ಲನ್ನು ಪ್ರಾಣ ಹಿಡಿದಂತೆ ಹಿಡಿದು ಬಂದ ಬೆರಳುಗಳು ಮೇಣದ ಮೇಲೆ ಗಡಗಡ ನಡುಗಿದವು. ನೆಟ್ಟ ಹಲ್ಲು ನೆಟ್ಟಗೆ ನಿಲ್ಲಲಿಲ್ಲ. ಮರುದಿನವೂ ಅದೇ, ಆ ವಾರವೆಲ್ಲ ಅದೇ. ಯಜಮಾನರು ಒಂದು ಸೆಟ್ಟು ಹಲ್ಲನ್ನು ಬೆಳಕಿಗೆ ಹಿಡಿದು, "ಅಮ್ಮಾ, ಇದನ್ನ ಹಾಕ್ಕೊಂಡು ಆ ಅಜ್ಜ ನಕ್ರೆ, ಮನೆಯವರು ಯಾಕೆ ಅಳ್ತೀರಿ ಅಂತ ಕೇಳ್ತಾರೆ" ಎಂದರು. ಉಳಿದವರು ನಕ್ಕರು, ಅವಳೂ ನಕ್ಕಳು. ನಗು ಮುಗಿದ ಮೇಲೆ ಅವರು ದನಿ ತಗ್ಗಿಸಿ, "ಕೈ ಹತೋಟಿಗೆ ಬರೋವರೆಗೂ ಪ್ಲಾಸ್ಟರ್ ಕಲಸ್ತಾ ಇರಿ. ಆದ್ರೆ ಎಷ್ಟು ದಿನ ಅಂತ ನನಗೂ ಹೇಳೋಕಾಗಲ್ಲ" ಎಂದರು. ಅಚ್ಚಿಗೆ ಹುಯ್ಯುವ ಪ್ಲಾಸ್ಟರ್ ಕಲಸುವುದು ಕೆಲಸಕ್ಕೆ ಹೊಸದಾಗಿ ಸೇರಿದವರು ಮಾಡುವ ಕೆಲಸ. ಬಕೆಟ್ಟಿನ ಮುಂದೆ ಕೂತು ಅವಳು ಹಲ್ಲು ಕಚ್ಚಿಕೊಂಡು ಕಲಸಿದಳು.

ಸರ್ಕಲ್ಲಿಗೆ ಅವಳು ಒಂದು ಉಪಾಯ ಹುಡುಕಿದ್ದಳು. ಅಲ್ಲಿ ಸೈಕಲ್ಲು ಹೊಡೆಯುವುದೇ ಬೇಡ, ಇಳಿದು ತಳ್ಳಿಕೊಂಡು, ನಡೆಯುವವರ ಜೊತೆ ಒಂದೊಂದೇ ರಸ್ತೆ ದಾಟುವುದು. ಪ್ರಾಣಕ್ಕೆ ಒಳ್ಳೆಯದು, ಹೊತ್ತಿಗೆ ಮಾರಿ. ಒಂದೊಂದು ದಾಟಿನಲ್ಲೂ ಸಿಗ್ನಲ್ಲಿನ ಹಸಿರು ಮನುಷ್ಯ ಬರುವವರೆಗೆ ನಿಲ್ಲಬೇಕು, ಬಂದ ಮೇಲೂ ಕಾರುಗಳು ಅವನಿಗೆ ಮರ್ಯಾದೆ ಕೊಡಬೇಕು. ಬೆಳಿಗ್ಗೆ ಬೇಗ ಹೊರಟು ಹೇಗೋ ಸರಿದೂಗಿಸಬಹುದು. ಮಧ್ಯಾಹ್ನ ಏನು ಮಾಡುವುದು? ಮನೆಯಿಂದ ಮರಳುವಾಗ ಅದೇ ಸರ್ಕಲ್ಲು ಅವಳ ಬಿಡುವನ್ನು ನುಂಗಿ ನೀರು ಕುಡಿಯುತ್ತಿತ್ತು. ಮನೆಯಲ್ಲಿ ಉಳಿಯುತ್ತಿದ್ದದ್ದು ಬಟ್ಟೆ ಬದಲಿಸಿ, ಬಾಯಿಗೆ ತುತ್ತು ತುರುಕುವಷ್ಟು ಹೊತ್ತು. ಒಂದು ದಿನ ಅವನು ತುತ್ತನ್ನು ದವಡೆಯಲ್ಲಿಟ್ಟುಕೊಂಡು ಅವಳ ಮುಖ ನೋಡುತ್ತ ಕೂತ.

"ಬೇಗ ನುಂಗೀಂದ್ರೆ! ನನ್ನ ಕೊಲ್ಲೋಕೇ ಹೀಗೆ ಮಾಡ್ತೀರಾ?"

ಅವನು ಗಾಬರಿಯಾಗಿ ನುಂಗಿದ. ನೆತ್ತಿಗೆ ಹತ್ತಿ, ಕೆಮ್ಮಿ ಕೆಮ್ಮಿ ಕಣ್ಣು ಮೇಲಾಯಿತು. ಬೆನ್ನು ತಟ್ಟುತ್ತ ತಟ್ಟುತ್ತ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಇವರನ್ನು ಉಳಿಸಿಕೊಳ್ಳಬೇಕೆಂದು ಓಡಿ ಬಂದು ನಾನೇ ಕೊಂದುಬಿಡುತ್ತಿದ್ದೆನಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಗಾಯದ ಮೇಲೆ ಬರೆ ಎಳೆದಂತೆ, ಅದಾದ ಕೆಲವೇ ದಿನಕ್ಕೆ, ಅಂಚಿನಲ್ಲಿ ನಿಂತಿದ್ದ ಕಾರಿನ ಬಾಗಿಲು ಅವಳು ಪಕ್ಕಕ್ಕೆ ಬರುವುದಕ್ಕೂ ತೆರೆಯುವುದಕ್ಕೂ ಸರಿಹೋಯಿತು. ರಸ್ತೆಯ ಕಡೆಗೇ ಬಿದ್ದಳು. ಬಲಗೈ ಊರಿದ್ದರಿಂದ ತಲೆ ಉಳಿಯಿತು. ಹಿಂದೆ ಬರುತ್ತಿದ್ದ ಕಾರು ಅವಳ ಜಡೆಯ ತುದಿಗೆ ಬಂದು ನಿಂತಿತ್ತು. ಬಾಗಿಲು ತೆರೆದ ಮಹಾರಾಯ ಮೊದಲು ಬಾಗಿಲಿಗೆ ಪೆಟ್ಟಾಯಿತೇ ಎಂದು ಸವರಿ ನೋಡಿದ, ಆಮೇಲೆ, "ನೋಡ್ಕೊಂಡು ಬರಬಾರದಾ?" ಎಂದ. ಕೈ ಮುರಿದಿರಲಿಲ್ಲ, ಉಳುಕಿ ಬನ್ನಿನಂತೆ ಊದಿತ್ತು. ಅಂದು ಸಂಜೆ ನಾದಿನಿ ಫೋನ್ ಮಾಡಿ ಅಣ್ಣ ಹೇಗಿದ್ದಾನೆ ಎಂದು ಕೇಳಿದಾಗ, "ಚೆನ್ನಾಗಿದ್ದಾರೆ, ಎಲ್ಲ ಸರಿಯಾಗಿ ನಡೀತಿದೆ" ಎಂದಳು. ಎಡಗೈಯಲ್ಲಿ ಫೋನು, ಬಲಗೈ ಬಕೆಟ್ಟಿನ ತಣ್ಣೀರಿನಲ್ಲಿ.

ಆಮೇಲೆ ಗಂಡನ ಹಾಸಿಗೆಯ ಅಂಚಿನಲ್ಲಿ ಕೂತು ಮುಂಗೈಗೆ ಬ್ಯಾಂಡೇಜು ಬಟ್ಟೆ ಸುತ್ತಿಕೊಂಡಳು. ಅವನ ಕಣ್ಣು ಆ ಕೈಯನ್ನು ಬಿಟ್ಟು ಕದಲಲಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ ಎಂದು ಎಲ್ಲ ಹೇಳಿದಳು, ಸೇತುವೆ, ಪ್ಲಾಸ್ಟರು, ಬಾಗಿಲು, ಎಲ್ಲ.

"ಬಲಕ್ಕೆ ಹೋಗೋಕೆ ಆಗ್ತಿಲ್ಲ ಕಣ್ರೀ. ಹಿಂದೆ ಏನ್ ಬರ್ತಿದೆ ಅಂತ ತಿರುಗಿದ್ರೆ ಸೈಕಲ್ಲೂ ನನ್ ಜೊತೇನೆ ತಿರುಗುತ್ತೆ. ತಿರುಗದಿದ್ರೆ ಮೈಮೇಲೇ ಬರ್ತಾರೆ. ನೀವು ಹೇಗ್ ಹೋಗ್ತಿದ್ರಿ ಅಂತ ನಾನು ಒಂದಿನಾನೂ ನೋಡ್ಲಿಲ್ವಲ್ಲ. ಈಗ ಏನ್ ಮಾಡ್ಲಿ ಹೇಳಿ."

"ಆಯ್ತು."

"ಏನಾಯ್ತು? ನನ್ನ ತಲೆ ಆಯ್ತು!"

ಹೇಳಿದ ಮೇಲೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ತಡೆಯಲಿಲ್ಲ. ಅವನು ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದ. ಆಮೇಲೆ ಗಾಳಿಯಲ್ಲಿ ಮುಂಗೈಯನ್ನು ನಲ್ಲಿ ತಿರುಗಿಸಿದಂತೆ ತಿರುಗಿಸಿದ, ಮತ್ತೆ ಮತ್ತೆ ತಿರುಗಿಸಿದ. ನೀರು ಕೇಳುತ್ತಿದ್ದಾನೆ ಎಂದುಕೊಂಡು ಲೋಟ ತಂದಳು. ಅವನು ಲೋಟವನ್ನು ತಳ್ಳಿದ, ನೀರು ಹಾಸಿಗೆಯ ಮೇಲೆ ಚೆಲ್ಲಿತು. "ಇದೊಂದು ಬಾಕಿ ಇತ್ತು" ಎಂದು ಸಿಡುಕಿ ಅವಳು ಹೊದಿಕೆ ಬದಲಿಸಿದಳು. ಅವನು ಕಿಟಕಿಯ ಆಚೆಯೇ ನೋಡುತ್ತಿದ್ದ. ಅಲ್ಲಿ ಅಂಗಳ, ಅಂಗಳದಲ್ಲಿ ಅವನ ಸ್ಕೂಟರು.

ಎರಡು ದಿನ ಕಳೆದ ಮೇಲೆ, ಮಧ್ಯಾಹ್ನ ಮನೆಗೆ ಬರುವಾಗ ಸೈಕಲ್ಲಿನ ಚೈನು ಕಳಚಿತು. ಉಳುಕಿದ ಕೈಯಲ್ಲಿ ಅದನ್ನು ಹಲ್ಲುಚಕ್ರಕ್ಕೆ ಕೂರಿಸುವಷ್ಟರಲ್ಲಿ ಮೊಣಕೈವರೆಗೆ ಎಣ್ಣೆಮಸಿ, ಬಿಡುವಿನ ಅರ್ಧ ಅಲ್ಲೇ ಖಾಲಿ. ಗೇಟಿನ ಬೀಗ ತೆಗೆದು, ಸೈಕಲ್ಲನ್ನು ಗೋಡೆಗೆ ಒರಗಿಸಿ ತಿರುಗಿದಳು.

ಅವನು ಅಂಗಳದಲ್ಲಿದ್ದ. ಸ್ಕೂಟರಿನ ಪಕ್ಕದಲ್ಲಿ ಬೋರಲಾಗಿ, ಕೆನ್ನೆ ಮಣ್ಣಿಗೆ ಹತ್ತಿಸಿಕೊಂಡು ಬಿದ್ದಿದ್ದ. "ಅಯ್ಯೋ, ಏನ್ರೀ!" ಎಂದು ಓಡಿ ಹೋಗಿ ಮುಖ ತಿರುಗಿಸಿದಳು. ಕಣ್ಣು ತೆರೆದಿತ್ತು, ಉಸಿರಾಡುತ್ತಿದ್ದ. ಪೈಜಾಮ ನೆನೆದಿತ್ತು, ಮೊಣಕಾಲು ತರಚಿತ್ತು. "ಆಯ್ತು" ಎಂದ. ಎತ್ತಲು ನೋಡಿದಳು, ಉಳುಕಿದ ಕೈ ಮೊದಲ ಎಳೆತಕ್ಕೇ ಸೋತಿತು. ಮತ್ತೆ ನೋಡಿದಳು, ಇಬ್ಬರೂ ಕುಸಿದರು. ಆಗ ಅವಳು ಎದ್ದೇಳಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕಾಲು ಚಾಚಿ ಕೂತುಬಿಟ್ಟಳು. ಮುಗಿಯಿತು. ಮಾತು ಕೊಟ್ಟಾಗಿತ್ತು, ಆ ದಿನ ಬಂದಾಗಿತ್ತು. ಎಣ್ಣೆಮಸಿಯ ಕೈಯಲ್ಲೇ ಫೋನು ತೆಗೆದಳು.

"ಬಾಮ್ಮ. ಬಂದು ಕರ್ಕೊಂಡ್ ಹೋಗು."

ಆಚೆಯಿಂದ ನಾದಿನಿ, "ಅತ್ತಿಗೆ? ಬಿದ್ನಾ?" ಎಂದಳು.

"ಬಿದ್ದಿದ್ದಾರೆ. ಅಂಗಳದಲ್ಲಿ, ಮಣ್ಣಲ್ಲಿ. ಎಷ್ಟ್ ಹೊತ್ತಿಂದ ಬಿದ್ದಿದ್ರೋ. ನನ್ ಕೈಲಿ ಎತ್ತೋಕೂ ಆಗ್ತಿಲ್ಲ. ನಾನು ಸೋತೆ ಕಣೆ. ನನ್ ಕೈಲಿ ಆಗಲ್ಲ."

ನಾದಿನಿಯೂ ಅಳುತ್ತಿದ್ದಳು. "ಈಗಿನ ಬಸ್ಸಿಗೇ ಹೊರಡ್ತೀನಿ. ಸಂಜೆ ಹೊತ್ತಿಗೆ ಅಲ್ಲಿರ್ತೀನಿ. ನೀವು ಅಳಬೇಡಿ" ಎಂದು ಫೋನಿಟ್ಟಳು.

ಹಲ್ಲಿನಕ್ಕ ಮುಖ ಒರೆಸಿಕೊಂಡಳು, ಮುಖವೂ ಕಪ್ಪಾಯಿತು. ಅವನನ್ನು ಅಂಗಾತ ಮಾಡೋಣವೆಂದು ಎಡಗೈ ಹಿಡಿದು ಎಳೆದಳು. ಆ ಕೈ ಎದೆಯ ಅಡಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದುಕೊಂಡಿತ್ತು. ಬಿಡಿಸಿ ನೋಡಿದರೆ ಕನ್ನಡಿ. ಸ್ಕೂಟರಿನ ಬಲಗಡೆಯ ಕನ್ನಡಿ, ಕಡ್ಡಿ ಸಮೇತ.

ತಲೆ ಎತ್ತಿ ನೋಡಿದಳು. ಸ್ಕೂಟರಿನ ಬಲ ಹ್ಯಾಂಡಲ್ ಬೋಳಾಗಿತ್ತು. ಎಡಗನ್ನಡಿ ಅದರ ಜಾಗದಲ್ಲೇ ಇತ್ತು. ಕೆಳಗೆ ಅವನ ಲಿಫ್ಟಿನ ಕೆಲಸದ ಸ್ಪ್ಯಾನರು ಬಿದ್ದಿತ್ತು, ಮಂಚದಡಿಯ ಪೆಟ್ಟಿಗೆಯಲ್ಲಿ ಇರಬೇಕಾದದ್ದು. ಬಾಗಿಲ ಕಡೆ ನೋಡಿದಳು. ಅಂಗಳಕ್ಕೆ ಇಳಿಯುವ ಮೆಟ್ಟಿಲಿನ ಮೇಲೆ ಅವನ ದಿಂಬು. ಬಿದ್ದ ದಿಂಬಲ್ಲ, ಅಡ್ಡಡ್ಡಲಾಗಿ ಸರಿಯಾಗಿ ಇಟ್ಟ ದಿಂಬು. ಮೆಟ್ಟಿಲಿನಿಂದ ಸ್ಕೂಟರಿನವರೆಗೆ ಮಣ್ಣಿನಲ್ಲಿ ಒಂದು ಗೀರು, ಎಳೆದುಕೊಂಡು ಬಂದ ಬಲಗಾಲಿನದು. ಮಂಚದಿಂದ ಇಳಿದು, ಪೆಟ್ಟಿಗೆ ಎಳೆದು, ಮೆಟ್ಟಿಲಿಗೆ ಮೊದಲೇ ದಿಂಬು ಇಟ್ಟು ಅದರ ಮೇಲೆ ಕುಂಡೆಯೂರಿ ಇಳಿದು, ತೆವಳಿ ಬಂದು, ರೂಢಿಯಿಲ್ಲದ ಎಡಗೈಯಲ್ಲಿ ಬಿಗಿದ ನಟ್ಟು ಬಿಚ್ಚಿದ್ದ. ಅಂದು ಗಾಳಿಯಲ್ಲಿ ತಿರುಗಿಸಿ ತೋರಿಸಿದ್ದು ನಲ್ಲಿಯಲ್ಲ.

ಅವಳು ಆ ಮಣ್ಣು ಮುಖವನ್ನು ಎದೆಗೆ ಒತ್ತಿಕೊಂಡು, "ಯಾಕ್ರೀ, ಯಾಕ್ರೀ" ಎಂದಷ್ಟೇ ಅಂದಳು. ಅವನು ಕನ್ನಡಿಯನ್ನು ತೋರಿಸಿದ, ಗೋಡೆಗೆ ಒರಗಿದ್ದ ಹಲ್ಲು ಕಿರಿಯುವ ಸೈಕಲ್ಲನ್ನು ತೋರಿಸಿದ.

ಏಳಿಸುವ ದಾರಿಯನ್ನೂ ಅವನೇ ಕಂಡುಕೊಂಡ. ಎಡಗೈಯಿಂದ ಸ್ಕೂಟರಿನ ಕಾಲುಹಲಗೆ ಹಿಡಿದ, ಅವಳು ಬಲಗಂಕುಳಿಗೆ ಹೆಗಲು ಕೊಟ್ಟಳು, ಮೊದಲು ಹಲಗೆಯ ಮೇಲೆ ಕೂತ, ಅಲ್ಲಿಂದ ಅವಳು ತಂದಿಟ್ಟ ಕುರ್ಚಿಗೆ ದಾಟಿದ. ಬಟ್ಟೆ ಬದಲಿಸಿ, ಮೊಣಕಾಲು ತೊಳೆದಳು. ಒಳಗೆ ಮಲಗಿಸಲು ಹೋದರೆ ಒಲ್ಲೆನೆಂದು ಕುರ್ಚಿಯ ಕೈ ಹಿಡಿದ. ಕುರ್ಚಿಯನ್ನೇ ಹಿಂದಕ್ಕೆ ಹಿಂದಕ್ಕೆ ಎಳೆದು ಬಾಗಿಲ ಬದಿಯ ನೆರಳಿಗೆ ತಂದು, ಅಲ್ಲೇ ಉಣಿಸಿದಳು. ಹೊತ್ತು ಮೀರಿತ್ತು. ಯಜಮಾನರು ಏನೆನ್ನುವರೋ ಎಂಬುದನ್ನು ಆಮೇಲೆ ನೋಡಿಕೊಳ್ಳುವುದು ಎಂದು ನಿಧಾನವಾಗಿಯೇ ಉಣಿಸಿದಳು. ಆಮೇಲೆ ಮತ್ತೆ ಫೋನು ಮಾಡಿದಳು.

"ಹೊರಟ್ಯಾ?"

"ಬಸ್ ಸ್ಟ್ಯಾಂಡಲ್ಲಿದೀನಿ ಅತ್ತಿಗೆ. ಮತ್ತೇನಾಯ್ತು?"

"ಬಾ, ಬರಬೇಡ ಅನ್ನಲ್ಲ. ಆದ್ರೆ ನಾನು ತಪ್ಪು ಹೇಳ್ದೆ. ನಿನ್ನಣ್ಣ ಬಿದ್ದಿರಲಿಲ್ಲ. ಇಳಿದು ಬಂದಿದ್ರು."

"ಏನು ಹಾಗಂದ್ರೆ?"

ಹೇಳಿದಳು. ಸರ್ಕಲ್ಲು, ಉಳುಕಿದ ಕೈ, ದಿಂಬು, ಸ್ಪ್ಯಾನರು, ಕನ್ನಡಿ.

"ಒಂಟಿ ಕೈಯಲ್ಲಾ?" ಎಂದಳು ನಾದಿನಿ.

"ಒಂಟಿ ಕೈಯಲ್ಲಿ."

"ನಾಳೆ ನಿಜವಾಗ್ಲೂ ಬಿದ್ರೆ ಅತ್ತಿಗೆ?"

"ಗೊತ್ತಿಲ್ಲಮ್ಮ" ಎಂದಳು ಹಲ್ಲಿನಕ್ಕ.

"ಸಂಜೆ ಬರ್ತೀನಿ. ಕೂತು ಮಾತಾಡೋಣ. ಕರ್ಕೊಂಡ್ ಹೋಗೋದೋ ಬಿಡೋದೋ ಆಮೇಲೆ. ಮೊದಲು ನೀವು ಕೆಲಸಕ್ಕೆ ಹೋಗಿ ಸರಿಯಾಗಿ ಮನೆಗೆ ಬನ್ನಿ. ನಿಮಗೇನಾದ್ರೂ ಆದ್ರೆ ಅಣ್ಣನಿಗೆ ಕನ್ನಡಿ ಹಿಡ್ಕೊಂಡು ಏನ್ ಮಾಡೋಕಾಗುತ್ತೆ?"

ಸೈಕಲ್ಲನ್ನು ಕುರ್ಚಿಯ ಪಕ್ಕಕ್ಕೆ ತಂದಳು. ಕನ್ನಡಿಯ ಕಡ್ಡಿಯನ್ನು ಕಟ್ಟಲು ದಾರವಿಲ್ಲ, ಹುಡುಕಲು ಹೊತ್ತಿಲ್ಲ. ಮುಂಗೈಗೆ ಸುತ್ತಿದ್ದ ಬ್ಯಾಂಡೇಜನ್ನೇ ಬಿಚ್ಚಿದಳು. ಅವನು ಎಡಗೈಯಲ್ಲಿ ಕಡ್ಡಿಯನ್ನು ಬಲ ಹ್ಯಾಂಡಲ್ಲಿಗೆ ಒತ್ತಿ ಹಿಡಿದ, ಅವಳು ಬಟ್ಟೆಯನ್ನು ಬಿಗಿದು ಬಿಗಿದು ಸುತ್ತಿ ಗಂಟು ಹಾಕಿದಳು. ಅವಳಿಗೆ ಸೀಟಿನ ಮೇಲೆ ಕೂರಲು ಸನ್ನೆ ಮಾಡಿದ. ಕೂತಳು. ಕನ್ನಡಿಯ ಅಂಚನ್ನು ಬೆರಳಿನಿಂದ ಇಷ್ಟಿಷ್ಟೇ ಒತ್ತುತ್ತ, ಅವಳ ಮುಖ ನೋಡುತ್ತ, ಮತ್ತೆ ಒತ್ತಿದ. ಕನ್ನಡಿಯಲ್ಲಿ ಗೇಟು ಬಂತು, ಗೋಡೆ ಬಂತು, ಆಕಾಶ ಬಂತು. ಕೊನೆಗೆ ಹಿಂದಿನದೆಲ್ಲ ನೆಟ್ಟಗೆ ಬಂದು ನಿಂತಿತು.

"ಈಗ ಕಾಣ್ತಿದೆ" ಎಂದಳು.

"ಆಯ್ತು" ಎಂದ ಅವನು.

ಹೊರಟಳು. ಗೇಟಿಗೆ ಬೀಗ ಹಾಕಿ, ಸೈಕಲ್ ಹತ್ತಿ, ನೋಡಬೇಕಾದದ್ದು ರಸ್ತೆಯನ್ನು ಎಂದು ಗೊತ್ತಿದ್ದರೂ ಕನ್ನಡಿಯನ್ನು ನೋಡಿದಳು. ಗೇಟಿನ ಸರಳುಗಳ ಹಿಂದೆ ಬಾಗಿಲ ಬಳಿ ಕುರ್ಚಿ, ಕುರ್ಚಿಯಲ್ಲಿ ಅವನು, ಎಡಗೈ ಮೇಲೆ. ಚಿಕ್ಕವನಾದ, ಇನ್ನೂ ಚಿಕ್ಕವನಾದ. ಬೀದಿ ತಿರುಗಿದ ಕೂಡಲೇ ಕನ್ನಡಿಯಿಂದ ಅವನು ಜಾರಿ ಹೋದ. ಅಲ್ಲಿ ಒಂದು ಕಾರಿನ ಮೂತಿ ಬಂದು ಕೂತಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

ಸರ್ಕಲ್ಲು ಬಂತು. ಔಷಧಿ ಅಂಗಡಿ ಕಂಡಿತು. ನಡೆಯುವವರ ಸಾಲು ಎಡಕ್ಕೆ ನಿಂತಿತ್ತು, ಅವಳು ಇಳಿಯಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ. ಕನ್ನಡಿಯಲ್ಲಿ ಎರಡು ಕಾರುಗಳ ನಡುವೆ ಒಂದಿಷ್ಟು ಖಾಲಿ ರಸ್ತೆ ಕಂಡಾಗ, ಊದಿದ ಬಲಗೈಯನ್ನು ಪೂರ್ತಿ ಚಾಚಿದಳು.